ಚೀಲದಡಿಯ ಪೆಟ್ರೋಲ್ ಬಾಟಲಿ

ಹೋದ ವಾರ ಕೊಟ್ಟೂರಿನ ನಮ್ಮ ಓಣಿಯಲ್ಲಿ ಕರೆಂಟಿನ ತಂತಿಗೆ ತಾಗುತ್ತಿದ್ದ ಬೇವಿನ ಟೊಂಗೆಗಳನ್ನು ಕತ್ತರಿಸಲು ಇಬ್ಬರು ಬಂದಿದ್ದರು. ನಾನು ಒಳಗೆ ಚಹಾ ಕುಡಿಯುತ್ತಿದ್ದೆ. ಕಿಟಕಿಯಿಂದ ಹೊಗೆಯ ವಾಸನೆ ಬಂತು. ಬರೀ ಪೆಟ್ರೋಲಿನದಲ್ಲ, ಎಣ್ಣೆ ಬೆರೆಸಿದ ಪೆಟ್ರೋಲ್ ಸುಟ್ಟ ಹೊಗೆ. ಅದರ ಜೊತೆಗೆ ಹಸಿ ಕಟ್ಟಿಗೆಯ ಪುಡಿಯ ಒಗರು. ಲೋಟ ಕೆಳಗಿಟ್ಟೆ. “ಯಾಕ, ಸಕ್ರಿ ಕಡಿಮಿ ಆತೇನು?” ಎಂದು ನನ್ನಾಕೆ ಕೇಳಿದಳು. ಇಲ್ಲ ಎಂದೆ. ಏಳು ವರ್ಷದಿಂದ ಆ ವಾಸನೆ ಎಲ್ಲಿ ಬಂದರೂ ನಾನು ಎದ್ದು ಬೇರೆ ಕಡೆ ಹೋಗುತ್ತೇನೆ. ಅಂದು ಮಾತ್ರ ಹೋಗಲಾಗಲಿಲ್ಲ. ಕೂತಲ್ಲೇ ಕೂತಿದ್ದೆ…

ನನ್ನ ಸ್ವಭಾವ ಹೇಳದೆ ಮುಂದಿನದು ಅರ್ಥವಾಗುವುದಿಲ್ಲ. ಮೂವತ್ತು ವರ್ಷ ದಲಾಲಿ ಅಂಗಡಿಯೊಂದರಲ್ಲಿ ತೂಕದ ಕಾಟಾದ ಮುಂದೆ ಕೂತವನು ನಾನು. ಹುಣಸೆಹಣ್ಣಿನ ಮೂಟೆಗೆ ನೀರು ಚಿಮುಕಿಸಿ ತಂದವರನ್ನೂ, ಶೇಂಗಾ ಚೀಲದ ತಳಕ್ಕೆ ಮಣ್ಣಿನ ಹೆಂಟೆ ಸೇರಿಸಿದವರನ್ನೂ ಚೀಲಕ್ಕೆ ಕೈ ಹಾಕಿದ ಕೂಡಲೇ ಹಿಡಿಯುತ್ತಿದ್ದೆ. ಹಿಡಿದಾಗ ಮಾಲೀಕರು ಬೆನ್ನು ತಟ್ಟುತ್ತಿದ್ದರು. ಹೀಗೆ ಬೆನ್ನು ತಟ್ಟಿಸಿಕೊಂಡು ತಟ್ಟಿಸಿಕೊಂಡು ಸಂಶಯ ನನಗೆ ಕೆಲಸವಾಗಿ ಉಳಿಯಲಿಲ್ಲ, ಚಟವಾಯಿತು. ಹಾಲಿನವಳು ಬಂದರೆ ಬೆರಳದ್ದಿ ನೋಡುವವನು ನಾನು. ಬೀಗರ ಮನೆಯ ಊಟದಲ್ಲೂ ತುಪ್ಪದ ವಾಸನೆ ನೋಡಿಯೇ ಕೈ ಒಡ್ಡುವವನು. ನನ್ನಾಕೆ ತಮಾಷೆಗೆ ನನ್ನನ್ನು ‘ಚೆಕ್ ಪೋಸ್ಟ್’ ಎಂದು ಕರೆಯುತ್ತಿದ್ದಳು. ನಾನು ಅದನ್ನು ಹೊಗಳಿಕೆ ಎಂದೇ ತಿಳಿದಿದ್ದೆ.

ನಮ್ಮ ಹಿತ್ತಲಲ್ಲಿ ಒಂದು ಹುಣಸೆಮರವಿತ್ತು. ಬುಡದಲ್ಲಿ ಇಬ್ಬರು ತಬ್ಬುವಷ್ಟು ದಪ್ಪ. ಒಂದು ಮಗ್ಗುಲಲ್ಲಿ ಪೊಟರೆ ಬಿದ್ದು ಒಳಗೆ ಗೆದ್ದಲು ಸೇರಿಕೊಂಡಿತ್ತು. ಆ ಬೇಸಿಗೆಯಲ್ಲಿ ಒಂದು ಟೊಂಗೆ ಮುರಿದು ಪಕ್ಕದ ಮನೆಯವರ ಬಚ್ಚಲಿನ ತಗಡಿನ ಮೇಲೆ ಬಿತ್ತು. ಒಳಗೆ ಯಾರೂ ಇರಲಿಲ್ಲ, ಪುಣ್ಯ. ಮರ ಮೊದಲೇ ನಮ್ಮ ಹಿಂದಿನ ಕೋಣೆಯ ಕಡೆ ವಾಲಿತ್ತು. ತೆಗೆಸದೆ ವಿಧಿಯಿರಲಿಲ್ಲ. ಅರ್ಜಿ ಕೊಟ್ಟು, ಓಡಾಡಿ, ಅನುಮತಿಯ ಪತ್ರ ತಂದೆ. ಮನೆಗಳ ನಡುವಿನ ಮರ, ಕೊಡಲಿಯವರು ಯಾರೂ ಒಪ್ಪಲಿಲ್ಲ. ಹರಪನಹಳ್ಳಿ ಕಡೆ ನೀಲಗುಂದದಲ್ಲಿ ಒಬ್ಬ ಇದ್ದಾನೆ, ಪೆಟ್ರೋಲಿನ ಮಷಿನ್ ಗರಗಸ ಇಟ್ಟುಕೊಂಡಿದ್ದಾನೆ, ಆತ ಬೀಳಿಸಿದ ಮರ ಗೆರೆ ಎಳೆದ ಕಡೆಯೇ ಬೀಳುತ್ತದೆ ಎಂದು ಪಕ್ಕದ ಮನೆಯವರು ಹೇಳಿದರು. ಇಷ್ಟು ಹೊಗಳುತ್ತಾರೆಂದರೆ ಆತ ಇವರ ನೆಂಟನೇ ಇರಬೇಕು ಎಂದುಕೊಂಡೆ. ಆಮೇಲೆ ವಿಚಾರಿಸಿದೆ, ನೆಂಟನಲ್ಲ.

ಆತ ಒಂದು ಮುಂಜಾನೆ ಬೈಕಿನಲ್ಲಿ ಬಂದ. ಹಿಂದೆ ಹೆಂಡತಿ ಕೂತಿದ್ದಳು, ಮಡಿಲಲ್ಲಿ ಕಂಬಳಿ ಸುತ್ತಿದ ಮಷಿನ್ ಇಟ್ಟುಕೊಂಡು. ಆತನಿಗೆ ನಲವತ್ತೈದು ಇದ್ದಿರಬಹುದು. ತೆಳ್ಳನೆಯ ಆಳು, ಮಾತು ಕಡಿಮೆ. ದಪ್ಪ ಜೀನ್ಸ್ ಪ್ಯಾಂಟನ್ನು ಮಂಡಿಯುದ್ದದ ಬೂಟಿನೊಳಗೆ ತುರುಕಿದ್ದ. ಬಿಸಿಲಿನ ಊರಲ್ಲಿ ಇದೆಂಥ ವೇಷ ಎಂದು ಮೂಗು ಮುರಿದೆ. ಬಂದವನು ಮರ ನೋಡುವ ಮೊದಲು, “ಅಣ್ಣಾರ, ಪರ್ಮಿಷನ್ ಕಾಗದ ಐತೇನ್ರಿ?” ಎಂದು ಕೇಳಿದ. ತೋರಿಸಿದೆ. ಒಂದೊಂದೇ ಅಕ್ಷರ ಓದಿದ, ಕೆಳಗಿನ ಮುದ್ರೆಯನ್ನೂ ನೋಡಿದ. ನನ್ನ ಕಾಗದವನ್ನು ಸಂಶಯದಿಂದ ನೋಡುವವನ ಮೇಲೆ ನನಗೆ ಸಂಶಯ ಬಂತು. ಇಷ್ಟು ಹೆದರುವವನು ಹಿಂದೆ ಎಲ್ಲೋ ಸಿಕ್ಕಿಬಿದ್ದಿರಬೇಕು, ಅಲ್ಲವೇ?

ಆಮೇಲೆ ಒಂದು ತಾಸು ಆತ ಮಷಿನ್ ಮುಟ್ಟಲಿಲ್ಲ. ಮರದ ಸುತ್ತ ತಿರುಗಿದ. ಕೊಡಲಿಯ ಹಿಂಬದಿಯಿಂದ ಕಾಂಡವನ್ನು ಬಡಿದು ಕಿವಿಗೊಟ್ಟು ಕೇಳಿದ. ಒಂದು ಹಿಡಿ ಮಣ್ಣಿನ ಧೂಳು ಬಿಟ್ಟು ಗಾಳಿ ನೋಡಿದ. ಹಿಂದಿನ ಕೋಣೆಯಲ್ಲಿ ಯಾರೂ ಇರಬಾರದು, ಪಕ್ಕದ ಮನೆಯ ಬಚ್ಚಲಿಗೂ ಯಾರೂ ಹೋಗಬಾರದು ಎಂದ. ಮನೆ ಖಾಲಿ ಮಾಡಿಸಿ ಏನು ಮಾಡುವವನಿದ್ದಾನೋ ಎಂದು ನಾನು ಕೋಣೆಗೆ ಬೀಗ ಜಡಿದು ಕೀಲಿಯನ್ನು ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡೆ. ಅದನ್ನು ನೋಡಿ ಆತ, “ಅಣ್ಣಾರ, ಅದನ್ನ ತಗದು ಕಿಸೆದಾಗ ಇಟ್ಕೊಳ್ರಿ. ಆ ಟವೆಲ್ಲೂ ತಗೀರಿ. ಪಂಚಿ ಮ್ಯಾಲ ಕಟ್ಕೊಳ್ರಿ, ಇಲ್ಲ ದೂರ ಕುಂದರ್ರಿ. ಮಷಿನ್ನಿಗೆ ಬಟ್ಟಿ ಅಂದ್ರ ಭಾಳ ಪ್ರೀತಿ,” ಎಂದ. ನನ್ನ ಮನೆಯಲ್ಲಿ ನನ್ನ ಹೆಗಲ ಮೇಲಿನ ಟವೆಲ್ ತೆಗೆಸಿದ ಮೊದಲ ಮನುಷ್ಯ ಆತ.

ಇನ್ನೊಂದು ಕೆಲಸ ಮಾಡಿದ. ಮರ ಬೀಳಬೇಕಾದ ದಿಕ್ಕಿಗೆ ಬೆನ್ನಾಗಿ, ಎಡಕ್ಕೊಂದು ಬಲಕ್ಕೊಂದು ಓರೆಯಾಗಿ, ಎರಡು ದಾರಿ ಗುಡಿಸಿದ. ಕಲ್ಲು, ಕಸ, ಬಿದ್ದ ಕೊಂಬೆ ಎಲ್ಲ ಎತ್ತಿ ಹಾಕಿದ. ಇದ್ಯಾಕೆ ಎಂದು ಕೇಳಿದೆ. “ಮರ ಹೊಂಟ ಮ್ಯಾಲ ನಾನೂ ಹೊಂಡಬೇಕಲ್ರಿ,” ಎಂದ. ಓಡಿಹೋಗುವ ದಾರಿಯನ್ನು ಮೊದಲೇ ಮಾಡಿಟ್ಟುಕೊಂಡು ಕೆಲಸ ಶುರು ಮಾಡುವವನನ್ನು ನಂಬುವುದು ಹೇಗೆ?

ನನ್ನ ಕಣ್ಣು ಹೆಚ್ಚಾಗಿ ಇದ್ದದ್ದು ಆತನ ಹೆಂಡತಿಯ ಮೇಲೆ. ಈ ಕಡೆ ಮಷಿನ್ ಕೆಲಸಕ್ಕೆ ಪೆಟ್ರೋಲನ್ನು ಮನೆಯವರೇ ತಂದುಕೊಡುವುದು ರೂಢಿ. ನಾನು ಎರಡು ಲೀಟರನ್ನು ಎರಡು ನೀರಿನ ಬಾಟಲಿಗಳಲ್ಲಿ ತಂದು ಕೊಟ್ಟಿದ್ದೆ. ಆಕೆ ಮರದಿಂದ ದೂರ ಪಾರಿಜಾತದ ನೆರಳಲ್ಲಿ ಕೂತು, ಒಂದು ಬಾಟಲಿಯದನ್ನಷ್ಟೇ ಕಪ್ಪು ಕ್ಯಾನಿಗೆ ಸುರಿದಳು. ಕೆಮ್ಮಿನ ಔಷಧದ ಬಾಟಲಿಯ ಮುಚ್ಚಳದಿಂದ ನೀಲಿ ಬಣ್ಣದ ಎಣ್ಣೆಯನ್ನು ಅಳೆದು ಅಳೆದು ಅದರೊಳಗೆ ಹಾಕಿದಳು. ಒಂದು ಮುಚ್ಚಳ ಹಾಕಿದಾಗ ನೆಲದಿಂದ ಒಂದು ಹುಣಸೆಬೀಜ ಹೆಕ್ಕಿ ಸೆರಗಿಗೆ ಕಟ್ಟಿಕೊಂಡಳು. ಹೀಗೆ ನಾಲ್ಕು ಮುಚ್ಚಳ, ನಾಲ್ಕು ಬೀಜ. ನಾನೂ ಎಣಿಸಿದೆ. ಏನದು ಎಂದು ಕೇಳಿದ್ದಕ್ಕೆ, “ಮಷಿನ್ನಿನ ಹೊಟ್ಟಿ ಸುಡಬಾರದು ಅಂತ ಎಣ್ಣಿ ಹಾಕ್ತೀವ್ರಿ. ಬೀಜ ನನ್ನ ಲೆಕ್ಕಕ್ಕ. ನಡುವ ಯಾರರ ಮಾತಾಡ್ಸಿದ್ರ ಮರತು ಹೋಕ್ಕೈತಲ್ರಿ,” ಎಂದು ನಕ್ಕಳು. ಮಾತಾಡಿಸಿದವನು ನಾನೇ ಆಗಿದ್ದೆ. ಕಲಬೆರಕೆ ಮಾಡುವವರು ಹೀಗೆಯೇ ನಗುತ್ತಾರೆ ಎಂದು ನನ್ನ ಮೂವತ್ತು ವರ್ಷದ ಅನುಭವ ಹೇಳಿತು.

ಮಷಿನ್ ಚಾಲೂ ಮಾಡುವುದನ್ನು ನಾನು ಕಣ್ಣಲ್ಲಿ ಕಣ್ಣಿಟ್ಟು ನೋಡಿದೆ. ಪೆಟ್ರೋಲ್ ತುಂಬಿದ ಜಾಗದಿಂದ ಹತ್ತು ಹೆಜ್ಜೆ ದೂರ ತಂದು ಸಮನೆಲದ ಮೇಲೆ ಇಟ್ಟ. ಚೈನು ಸಡಿಲವಿದೆಯೇ ಎಂದು ಎಳೆದು ನೋಡಿದ. ಮುಂದಿನ ಬ್ರೇಕನ್ನು ತಳ್ಳಿದ. ಅದು ಹಾಕಿದ್ದರೆ ಎಂಜಿನ್ ಓಡಿದರೂ ಚೈನು ತಿರುಗದು. ಹಿಂದಿನ ಹಿಡಿಕೆಯೊಳಗೆ ಬಲಗಾಲಿನ ಬೂಟು ತೂರಿಸಿ ನೆಲಕ್ಕೊತ್ತಿ, ಎಡಗೈಯಲ್ಲಿ ಮೇಲಿನ ಹಿಡಿಕೆ ಬಿಗಿಹಿಡಿದು, ಚೋಕು ಎಳೆದು, ದಾರ ಜಗ್ಗಿದ. ಮೂರನೆಯ ಸಲ ಮಷಿನ್ ಒಮ್ಮೆ ಕೆಮ್ಮಿ ಸುಮ್ಮನಾಯಿತು. ಚೋಕು ಒಳಗೆ ತಳ್ಳಿ ಮತ್ತೆ ಜಗ್ಗಿದ, ಹೊತ್ತಿಕೊಂಡಿತು. ಹಡಗಲಿಯಲ್ಲಿ ಒಬ್ಬ ಮಷಿನನ್ನು ಒಂದೇ ಕೈಯಲ್ಲಿ ತೂಗಾಡಿಸುತ್ತ ಇನ್ನೊಂದರಲ್ಲಿ ದಾರ ಜಗ್ಗಿ ಚಾಲೂ ಮಾಡಿದ್ದನ್ನು ನೋಡಿದ್ದೆ. ಅವನಿಗೆ ಹೋಲಿಸಿದರೆ ಇವನು ಇನ್ನೂ ಕಲಿಯುವವನಂತೆ ಕಂಡ. ಆಮೇಲೆ ಬ್ರೇಕ್ ಬಿಡಿಸಿ, ಚೈನು ಸುತ್ತುವ ಉದ್ದನೆಯ ಪಟ್ಟಿಯ ತುದಿಯನ್ನು ಬಟ್ಟೆ ಒಗೆಯುವ ಕಲ್ಲಿನತ್ತ ಹಿಡಿದು ಒಮ್ಮೆ ಜೋರಾಗಿ ಓಡಿಸಿದ. ಕಲ್ಲಿನ ಮೇಲೆ ಎಣ್ಣೆಯ ಸಣ್ಣ ಗೆರೆ ಬಿತ್ತು. ಚೈನಿಗೆ ಎಣ್ಣೆ ಹೋಗುತ್ತಿದೆ ಎಂದು ಆತನಿಗೆ ಸಮಾಧಾನ. ನಮ್ಮ ಒಗೆಯುವ ಕಲ್ಲು ಹಾಳಾಯಿತು ಎಂದು ನನಗೆ ಸಿಟ್ಟು.

ಮಧ್ಯಾಹ್ನದವರೆಗೆ ಟೊಂಗೆಗಳನ್ನು ತೆಗೆದ. ಒಂದು ಮಾತು ಹೇಳಲೇಬೇಕು, ಕೆಲಸ ನೋಡಲು ಚೆನ್ನಾಗಿತ್ತು. ಎರಡೂ ಕೈ ಬಿಡುತ್ತಿರಲಿಲ್ಲ. ಮಷಿನನ್ನು ಹೆಗಲಿಗಿಂತ ಮೇಲೆತ್ತುತ್ತಿರಲಿಲ್ಲ. ಪಟ್ಟಿಯ ಮೂತಿ ಏನಕ್ಕಾದರೂ ತಾಗಿದರೆ ಮಷಿನ್ ತಿರುಗಿ ಮುಖಕ್ಕೇ ಬರುತ್ತದಂತೆ. ಆತ ಮೂತಿ ತಾಗಿಸಲೇ ಇಲ್ಲ. ಆಕೆ ದೂರದಲ್ಲಿ ಹಗ್ಗ ಹಿಡಿದು ನಿಂತಿರುತ್ತಿದ್ದಳು. ಮಷಿನ್ನಿನ ಗದ್ದಲದಲ್ಲಿ ಮಾತು ಕೇಳುವುದಿಲ್ಲ. ಆತ ತಲೆ ಸ್ವಲ್ಪ ಓರೆ ಮಾಡಿದರೆ ಆಕೆ ಹಗ್ಗ ಬಿಗಿ ಮಾಡುವಳು, ಮೊಣಕೈ ಎತ್ತಿದರೆ ಸಡಿಲ ಬಿಡುವಳು. ಹನ್ನೆರಡು ವರ್ಷದಿಂದ ಜೊತೆಗೆ ಮಾಡುತ್ತಿದ್ದೇವೆ ಎಂದು ನನ್ನಾಕೆಯ ಮುಂದೆ ಹೇಳಿದ್ದಳಂತೆ. ಮಷಿನ್ ನಿಲ್ಲಿಸಿ ಕೂತಾಗ ಆತ ಮೊದಲು ಆಕೆಗೆ ನೀರು ಕೊಟ್ಟು ಆಮೇಲೆ ತಾನು ಕುಡಿದ. ಅದನ್ನು ನೋಡಿದ ನೆನಪು ನನಗೆ ಚೆನ್ನಾಗಿ ಇದೆ… ಇರಬಾರದಿತ್ತು ಅನ್ನಿಸುತ್ತದೆ.

ಊಟದ ಹೊತ್ತಿಗೆ ಬುಡ ಕೊಯ್ಯುವುದೊಂದು ಉಳಿದಿತ್ತು. ಮಷಿನ್ನಿನ ಪೆಟ್ರೋಲ್ ಮುಗಿದಿತ್ತು. ಕಾದ ಮಷಿನ್ನಿಗೆ ಪೆಟ್ರೋಲ್ ಸುರಿದರೆ ಬೆಂಕಿ ಹತ್ತುತ್ತದೆ, ಆರಲಿ ಎಂದು ಆತ ಮಷಿನನ್ನು ನೆರಳಿಗಿಟ್ಟು ಮನೆಯ ಮುಂದಿನ ಕಟ್ಟೆಗೆ ಹೋಗಿ ರೊಟ್ಟಿ ಬಿಚ್ಚಿದ. ಆಕೆಯನ್ನು ನನ್ನಾಕೆ ಒಳಗೆ ಕರೆದುಕೊಂಡು ಹೋದಳು. ಹಿತ್ತಲಲ್ಲಿ ಉಳಿದವನು ನಾನೊಬ್ಬನೇ.

ಪಾರಿಜಾತದ ಕೆಳಗೆ ಅವರ ಸಾಮಾನಿನ ಚೀಲವಿತ್ತು. ಕಾಲಿನಿಂದ ಸ್ವಲ್ಪ ಸರಿಸಿದೆ. ಕೆಳಗೆ ನನ್ನದೇ ಬಾಟಲಿ! ಒಂದು ಲೀಟರ್ ಪೆಟ್ರೋಲ್ ಹಾಗೇ ಇತ್ತು, ಮುಚ್ಚಳ ಬಿಗಿಯಾಗಿ ತಿರುವಿ, ಮೇಲೆ ಚೀಲ ಮುಚ್ಚಿ. ಸಿಕ್ಕಿತು ಎಂದುಕೊಂಡೆ. ಮುಂಜಾನೆಯಿಂದ ಹುಡುಕುತ್ತಿದ್ದ ಕಳವು ಕೊನೆಗೂ ಕೈಗೆ ಸಿಕ್ಕ ಸಂತೋಷ, ಸುಳ್ಳೇಕೆ ಹೇಳಲಿ, ಸಂತೋಷವೇ ಆಯಿತು. ಬಾಟಲಿ ಎತ್ತಿ ಒಳಗಿಟ್ಟರೆ ಜಗಳವಾದೀತು. ಆತನ ಕ್ಯಾನಿಗೇ ಸುರಿದುಬಿಟ್ಟರೆ? ಸುರಿದ ಮೇಲೆ ಬೇರೆ ಮಾಡಲು ಬರುವುದಿಲ್ಲ, ನನ್ನ ಮರಕ್ಕೇ ಖರ್ಚಾಗುತ್ತದೆ. ಕ್ಯಾನಿನ ತಳದಲ್ಲಿ ಒಂದು ಗುಟುಕಿನಷ್ಟು ನೀಲಿ ಪೆಟ್ರೋಲ್ ಉಳಿದಿತ್ತು. ಬಾಟಲಿಯನ್ನು ಅದರೊಳಗೆ ಬೋರಲು ಹಾಕಿದೆ. ಖಾಲಿ ಬಾಟಲಿಯನ್ನು ಮತ್ತೆ ಚೀಲದ ಕೆಳಗೆ ಇಟ್ಟೆ. ಎಣ್ಣೆಯ ವಿಚಾರ ನೆನಪಾಗಲಿಲ್ಲವೇ ಎಂದು ನನ್ನನ್ನು ನಾನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಮುಂಜಾನೆ ಹಾಕಿದ್ದೇ ಸಾಕಾದೀತು ಎಂದುಕೊಂಡೆನೋ, ಅಷ್ಟೂ ಯೋಚಿಸಲಿಲ್ಲವೋ…

ಊಟವಾದ ಮೇಲೆ ಗಾಳಿ ಎದ್ದಿತು. ಆತ ಆಕಾಶ ನೋಡಿ ಅವಸರ ಮಾಡಿದ. ಕ್ಯಾನು ಎತ್ತಿದ, ತುಂಬಿತ್ತು. ಆಕೆ ಬೆರೆಸಿಟ್ಟಿದ್ದಾಳೆ ಎಂದುಕೊಂಡು ಬಟ್ಟೆಯಲ್ಲಿ ಸೋಸಿ ಮಷಿನ್ನಿಗೆ ತುಂಬಿದ. ಆಕೆ ಒಳಗಿನಿಂದ ಕೈ ಒರೆಸಿಕೊಳ್ಳುತ್ತ ಬಂದು ನೇರವಾಗಿ ಹಗ್ಗದ ಕಡೆ ನಡೆದಳು. ಮಷಿನ್ ಚಾಲೂ ಆಯಿತು, ಮೊದಲಿಗಿಂತ ಚುರುಕಾಗಿಯೇ ಕೇಳಿಸಿತು. ನೋಡಿದೆಯಾ, ಶುದ್ಧ ಪೆಟ್ರೋಲ್ ಎಂದು ಮನಸ್ಸಿನಲ್ಲಿ ಬೀಗಿದೆ.

ಬೀಳುವ ಕಡೆಗೆ ಬಾಯಿ ತೆರೆದಂತೆ ಒಂದು ತುಂಡು ಕೊಯ್ದು ತೆಗೆದ. ಆಮೇಲೆ ಹಿಂದಿನಿಂದ ಕೊಯ್ಯಲು ಶುರು ಮಾಡಿದ. ಎರಡರ ನಡುವೆ ನಾಲ್ಕು ಬೆರಳಷ್ಟು ಕಟ್ಟಿಗೆ ಕೊಯ್ಯದೆ ಬಿಡಬೇಕು, ಬಾಗಿಲಿನ ತಿರುಗಣಿಯ ಹಾಗೆ ಅದರ ಮೇಲೆ ಮರ ತಿರುಗಿ ಕೂರುತ್ತದೆ ಎಂದು ಪಕ್ಕದ ಮನೆಯವರಿಗೆ ಮೊದಲೇ ವಿವರಿಸಿದ್ದ. ಮರದ ನಡುಮಧ್ಯಕ್ಕೆ ಪಟ್ಟಿ ಹೋಗಿರಬಹುದು. ಮಷಿನ್ನಿನ ದನಿ ತೆಳ್ಳಗಾಯಿತು. ಕೀರಲಾಯಿತು. ಒಮ್ಮೆ ಕಿರುಚಿ, ಕತ್ತು ಹಿಸುಕಿದಂತೆ ನಿಂತುಹೋಯಿತು. ಆತ ದಾರ ಜಗ್ಗಿದ, ದಾರ ಅಲ್ಲಾಡಲಿಲ್ಲ. ಅದೇ ಹೊತ್ತಿಗೆ ಗಾಳಿಗೆ ಮರ ಒಮ್ಮೆ ನರಳಿ ನಮ್ಮ ಹಿಂದಿನ ಕೋಣೆಯ ಕಡೆ ಒರಗಿ, ಪಟ್ಟಿಯನ್ನು ಕಚ್ಚಿಹಿಡಿಯಿತು.

“ಎಲ್ಲಾರು ಹಿಂದಕ್ಕ ಹೋಗ್ರಿ! ಯಾರೂ ಹತ್ರ ಬರಬ್ಯಾಡ್ರಿ!” ಎಂದು ಆತ ಕೂಗಿದ ದನಿ ಈಗಲೂ ಕಿವಿಯಲ್ಲಿದೆ. ಅರ್ಧ ಕೊಯ್ದ ಮರಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ. ಯಾವ ಗಳಿಗೆಯಲ್ಲಿ, ಯಾವ ಕಡೆ, ಯಾರ ಮೇಲೆ ಎಂದು ಹೇಳಲಾಗದು. ಬಿಟ್ಟು ಹೋಗುವಂತಿಲ್ಲ, ಹತ್ತಿರ ನಿಲ್ಲುವಂತಿಲ್ಲ. ಆತ ಮರದ ಬೆಣೆಗಳನ್ನು ತಂದು ಕೊಯ್ದ ಸೀಳಿಗೆ ಇಟ್ಟು ಸುತ್ತಿಗೆಯಿಂದ ಒಂದೊಂದೇ ಪೆಟ್ಟು ಹಾಕಿದ. ಪೆಟ್ಟು ಹಾಕುವುದು, ಮೇಲೆ ನೋಡುವುದು, ಮತ್ತೆ ಪೆಟ್ಟು. ಆಮೇಲೆ ಕೈಗರಗಸ. ಆಕೆ ಹಗ್ಗದ ತುದಿಯನ್ನು ಬೇಲಿಯ ಕಲ್ಲುಕಂಬಕ್ಕೆ ಸುತ್ತು ಹಾಕಿ, ಹಿಂದಕ್ಕೆ ಒರಗಿ, ಕಾಲು ನೆಲಕ್ಕೆ ಊರಿ ಎಳೆದು ಹಿಡಿದಿದ್ದಳು. ಗಾಳಿ ಬೀಸಿದಾಗಲೆಲ್ಲ ಹಗ್ಗ ಅಂಗೈಯಿಂದ ಜಾರುತ್ತಿತ್ತು. ನಾನು ಹಿತ್ತಲ ಕಟ್ಟೆಯ ಮೇಲೆ ನಿಂತು ನೋಡುತ್ತಿದ್ದೆ. ಇಂಥ ಹಳೆಯ ಮಷಿನ್ ತಂದಿದ್ದಾನೆ ಎಂದು ಆಗಲೂ ಬೈಯುತ್ತಲೇ ಇದ್ದೆ.

ಎರಡು ತಾಸಿನ ಮೇಲೆ, ಇನ್ನೂ ಬೆಳಕಿರುವಾಗಲೇ, ಮರ ಆತ ಹೇಳಿದ ಕಡೆಗೇ ಬಿತ್ತು. ಆತ ತಾನು ಗುಡಿಸಿದ್ದ ಎಡಗಡೆಯ ದಾರಿಯಲ್ಲಿ ಓಡಿದ. ಅರೆಗಳಿಗೆಯ ಹಿಂದೆ ಆತ ನಿಂತಿದ್ದ ಜಾಗದಲ್ಲಿ ಕಾಂಡದ ಬುಡ ಎಗರಿ ಬಂದು ಬಡಿಯಿತು. ಯಾರಿಗೂ ಏನೂ ಆಗಲಿಲ್ಲ. ಆಕೆಯ ಎರಡೂ ಅಂಗೈ ಸುಲಿದು ರಕ್ತ ಒಸರುತ್ತಿತ್ತು. ನನ್ನಾಕೆ ಅರಿಶಿನ ಹಚ್ಚಿದಳು.

ಆತ ಮಷಿನ್ ಬಿಡಿಸಿ ತಂದು ಕಟ್ಟೆಯ ಮೇಲಿಟ್ಟ. ಮುಚ್ಚಳ ತೆಗೆದು ಪೆಟ್ರೋಲನ್ನು ಅಂಗೈಗೆ ಸುರಿದುಕೊಂಡ. ಎರಡು ಬೆರಳಿನಲ್ಲಿ ಉಜ್ಜಿದ. ಮೂಸಿದ. ಬಿಸಿಲಿಗೆ ಹಿಡಿದು ಬಣ್ಣ ನೋಡಿದ.

“ಇದರಾಗ ಎಣ್ಣಿ ಇಲ್ಲ,” ಎಂದ.

ಆಗ ತಿಳಿಯಿತು ನನಗೆ, ಎಲ್ಲವೂ.

ಆಕೆ ಅರಿಶಿನದ ಕೈ ಎತ್ತಿಕೊಂಡೇ ಬಂದಳು. “ಹಾಕೀನಲ್ಲ. ನಾಕು ಮುಚ್ಚಳ. ನೋಡ್ರಿ ಬೇಕಾರ,” ಎಂದು ಸೆರಗಿನ ಗಂಟು ಬಿಚ್ಚಲು ಆಗದೆ ನನ್ನಾಕೆಯ ಕಡೆ ತಿರುಗಿದಳು. ನನ್ನಾಕೆ ಬಿಚ್ಚಿ ತೋರಿಸಿದಳು. ನಾಲ್ಕು ಬೀಜ. ಆತ ಚೀಲ ಸರಿಸಿ ಖಾಲಿ ಬಾಟಲಿ ಎತ್ತಿದ.

“ಅದು ಮುಂಜಾನಿದು. ಈ ಎರಡನೇದು ಸುರುದಾಗ ಹಾಕಬೇಕಿತ್ತಲ್ಲ? ಹಾಕಿದ್ರ ಎಂಟು ಬೀಜ ಇರ್ತಿದ್ದುವು.”

“ಎರಡನೇದು ನಾ ಸುರುದಿಲ್ಲ.”

“ನೀ ಸುರುದಿಲ್ಲ ಅಂದ್ರ ಬಾಟ್ಲಿ ತಾನ ಎದ್ದು ಹೋಗಿ ಸುರುಕೊಂಡೈತೇನು?”

ತಪ್ಪಾಗಬಾರದೆಂದು ಆಕೆ ಇಟ್ಟುಕೊಂಡಿದ್ದ ಲೆಕ್ಕವೇ ಆಕೆಯ ಮೇಲೆ ಸಾಕ್ಷಿ ಹೇಳಿತು. ಆಕೆ ಬಾಟಲಿಯನ್ನೂ ಬೀಜಗಳನ್ನೂ ನೋಡುತ್ತ ನಿಂತಳು. ಆತ ನಮ್ಮ ಕಡೆ ತಿರುಗಿದ. ಗದರಲಿಲ್ಲ, ಕೈ ಮುಗಿದಂತೆ ಮಾಡಿ ಕೇಳಿದ. “ತಪ್ಪು ತಿಳ್ಕೊಬ್ಯಾಡ್ರಿ ಅಣ್ಣಾರ. ನಿಮ್ಮ ಮನ್ಯಾಗ ಯಾರರ ಇದನ್ನ ಮುಟ್ಟೀರೇನ್ರಿ?”

“ನಾವ್ಯಾಕ ಮುಟ್ಟೋಣಪ್ಪ?” ಎಂದೆ.

ಅಷ್ಟು ಸಲೀಸಾಗಿ ಬಂತು. ಪಕ್ಕದ ಮನೆಯವರಿದ್ದರು, ನನ್ನಾಕೆ ಇದ್ದಳು, ಬಿದ್ದ ಮರ ಇತ್ತು. ಊರ ಕಳ್ಳರನ್ನೆಲ್ಲ ಹಿಡಿದ ಮನುಷ್ಯ ನಾನು. ಮಾತು ನಾಲಿಗೆಯ ತುದಿಯಲ್ಲಿ ಇತ್ತು ಎಂದು ಬರೆಯಬಹುದು, ಆದರೆ ಇರಲಿಲ್ಲ. ಸುಳ್ಳೇ ಮೊದಲು ಬಂತು. ಆತ ನನ್ನನ್ನು ನಂಬಿದ, ಅದೂ ಒಂದು ಗಳಿಗೆಯೂ ಅನುಮಾನಿಸದೆ. ನಂಬಿ, ಹೆಂಡತಿಯ ಕಡೆ ನೋಡಿದ. ಆ ನೋಟ ನನಗೆ ಗೊತ್ತಿತ್ತು. ಮೂವತ್ತು ವರ್ಷ ಕಾಟಾದ ಮುಂದೆ ಕೂತು ನಾನು ಜನರನ್ನು ನೋಡಿದ್ದು ಹಾಗೆಯೇ.

ಹೋಗುವಾಗ ಆತ ಮಷಿನನ್ನು ಬೈಕಿನ ಹಿಂದೆ ಕಟ್ಟಿದ. ಆಕೆಯ ಮಡಿಲಿಗೆ ಕೊಡಲಿಲ್ಲ.

ಎರಡು ವರ್ಷದ ಮೇಲೆ ಹಗರಿಬೊಮ್ಮನಹಳ್ಳಿಗೆ ಹೋಗಿದ್ದಾಗ ರಸ್ತೆಯ ಪಕ್ಕ ಆತ ಒಂದು ಬೇವು ಬೀಳಿಸುವ ಸಿದ್ಧತೆಯಲ್ಲಿದ್ದ. ಅದೇ ಮಷಿನ್, ರಿಪೇರಿ ಮಾಡಿಸಿದ್ದ. ಹಗ್ಗ ಹಿಡಿಯಲು ಬೇರೆ ಯಾರೋ ಇದ್ದ. ಆತ ನನ್ನನ್ನು ಗುರುತಿಸಿ ಚಹಾ ತರಿಸಿದ. ಎಣ್ಣೆಯನ್ನು ತಾನೇ ಅಳೆಯುತ್ತಿದ್ದ. ನಾಲ್ಕು ಮುಚ್ಚಳ ಹಾಕಿ, ಬೆರಳದ್ದಿ ಉಜ್ಜಿ ನೋಡಿ, ಮತ್ತೆ ಮೂಸಿ, ಮತ್ತೆ ಉಜ್ಜಿದ. “ಅಕ್ಕಾರು ಬಂದಿಲ್ಲೇನು?” ಎಂದು ಕೇಳಿದೆ.

“ಮನ್ಯಾಗ ಅದಾಳ್ರಿ. ಆಕಿಗೆ ಮರೆವು ಐತ್ರಿ. ಮನಸು ಒಳ್ಳೇದು, ಆದ್ರ ಈ ಕೆಲಸಕ್ಕ ಅಂಥವ್ರು ಬ್ಯಾಡ. ಒಂದು ಸಲ ನಂಬಿಕಿ ಹೋದ್ರ ಮಷಿನ್ ಹಿಡಿಯೋ ಕೈ ನಡುಗತೈತ್ರಿ,” ಎಂದ. ಹೇಳುವ ಅವಕಾಶ ಇದಕ್ಕಿಂತ ಚೆನ್ನಾಗಿ ಯಾರಿಗೆ ಸಿಗುತ್ತದೆ? ಹಗ್ಗದವನು ದೂರದಲ್ಲಿದ್ದ, ಕೆಲಸ ಇನ್ನೂ ಶುರುವಾಗಿರಲಿಲ್ಲ, ಆತನೇ ಮಾತು ತೆಗೆದಿದ್ದ. ನಾನು ಚಹಾ ಕುಡಿದೆ. ಬಸ್ಸು ಬಂತು, ಹತ್ತಿದೆ.

ಇದೆಲ್ಲ ಹೋದ ವಾರ ಕಿಟಕಿಯಿಂದ ಬಂದ ಹೊಗೆಯ ಜೊತೆ ಮತ್ತೆ ಬಂತು. ಅಂದು ಸಂಜೆ ನನ್ನಾಕೆಗೆ ಹೇಳಿದೆ, ಏಳು ವರ್ಷದಲ್ಲಿ ಮೊದಲ ಸಲ. ಆಕೆ ಅಕ್ಕಿ ಆರಿಸುವುದನ್ನು ನಿಲ್ಲಿಸಿ, “ಆ ಹೆಣ್ಮಗಳ ಕೈಗೆ ನಾನ ಅರಿಶಿನ ಹಚ್ಚೀನಿ,” ಎಂದಳು. ಆಮೇಲೆ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ನಾನೇ ನೀಲಗುಂದದ ದಾರಿ ಹಿಡಿದೆ.

ಗುಡಿಯ ಹತ್ತಿರ ಕೂತಿದ್ದವರನ್ನು ಮಷಿನ್ ಗರಗಸದವರ ಮನೆ ಯಾವುದು ಎಂದು ಕೇಳಿದೆ. ತೋರಿಸಿದರು, ಆದರೆ ಒಬ್ಬರನ್ನೊಬ್ಬರು ನೋಡಿಕೊಂಡರು. ಬಾಗಿಲಲ್ಲಿ ಆಕೆಯನ್ನು ಕಂಡ ಕೂಡಲೇ ಗೊತ್ತಾಯಿತು. ಹಣೆಯಲ್ಲಿ ಕುಂಕುಮವಿರಲಿಲ್ಲ. ಕಾಮಾಲೆಯಂತೆ, ಹೋದ ವರ್ಷ. ಮರದಿಂದಲ್ಲ, ಮಷಿನ್ನಿನಿಂದಲ್ಲ, ಹದಿನೈದು ದಿನ ಮಲಗಿ ಹೋದನಂತೆ. ಆಕೆ ಗುರುತು ಹಿಡಿದು ಚಾಪೆ ಹಾಸಿದಳು, ನೀರು ಕೊಟ್ಟಳು. ಗೋಡೆಯ ಮೇಲೆ ಆತನ ಫೋಟೋ ಇತ್ತು.

“ನಿಮ್ಮ ಹುಣಸಿಮರ ಮರತಿಲ್ರಿ ನಾ,” ಎಂದಳು. “ಅದಾದ ಮ್ಯಾಲ ಅವ್ರು ನನ್ನ ಕೆಲಸಕ್ಕ ಕರಕೊಂಡು ಹೋಗಲಿಲ್ಲ. ಬೈಲಿಲ್ಲ, ಹೊಡಿಲಿಲ್ಲ. ಮನ್ಯಾಗ ಉಪ್ಪು ಹಾಕಿದ ಸಾರು ಸೈತ ರುಚಿ ನೋಡಿ ಬಡಸು ಅಂತಿದ್ರು. ನಾ ಸುರುದಿಲ್ಲ, ಸುರುದಿಲ್ಲ ಅಂತ ಎಷ್ಟು ವರ್ಷ ಅಂದೆ. ಕಡೀಕ ಹಾಸಿಗಿ ಹಿಡದಾಗ ಒಂದಿನ ಕೇಳಿದ್ರು. ಈಗರ ಖರೇ ಹೇಳು, ನೀನ ಅಲ್ಲೇನು, ಅಂತ. ಸಾಯೋ ಮನಶ್ಯಾ, ಜೀವಕ್ಕ ಸಮಾಧಾನ ಆಗ್ಲಿ ಅಂತ ಹೂಂ ಅಂದೆ. ನಾನ ಸುರುದೆ, ಎಣ್ಣಿ ಮರತೆ ಅಂದೆ. ತಲಿ ಮ್ಯಾಲ ಕೈ ಇಟ್ಟು, ಹೋಗ್ಲಿ ಬಿಡು ಅಂದ್ರು.” ನೀರಿನ ಲೋಟ ಪಕ್ಕಕ್ಕೆ ಸರಿಸಿದಳು. “ಅಂದ ಮ್ಯಾಲ ನನಗೂ ಹಂಗ ಅನಸಾಕ ಹತ್ತೈತ್ರಿ. ಯಾರಿಗ್ಗೊತ್ತು, ನಾನ ಸುರುದಿದ್ದೆನೇನೋ.”

ಆಗ ಹೇಳಿದೆ. ಬಾಟಲಿ ಕಂಡದ್ದು, ಕಳವು ಎಂದುಕೊಂಡದ್ದು, ಕ್ಯಾನಿಗೆ ಸುರಿದದ್ದು, ಮುಟ್ಟಿಲ್ಲ ಎಂದದ್ದು. ತಲೆ ತಗ್ಗಿಸಿಯೇ ಹೇಳಿದೆ, ಆಕೆಯ ಮುಖ ನೋಡುವ ಧೈರ್ಯವಿರಲಿಲ್ಲ. ಆ ಬಾಟಲಿಯನ್ನು ಯಾಕೆ ಮುಚ್ಚಿಟ್ಟಿದ್ದಿರಿ ಎಂದೂ ಕೇಳಿಬಿಟ್ಟೆ, ನನ್ನ ಚಟ ಆಗಲೂ ಬಿಡಲಿಲ್ಲ. “ಬೆರಸಿಟ್ರ ಕೆಡತೈತ್ರಿ. ಉಳದದ್ದು ನಿಮಗ ವಾಪಸ್ ಕೊಡೋದಿತ್ತು. ಬಿಸಿಲು ಬೀಳಬಾರದು ಅಂತ ಚೀಲ ಮುಚ್ಚಿದ್ದೆ,” ಎಂದಳು.

ಬೈಯುತ್ತಾಳೆ ಎಂದು ಕಾದೆ. ಎದ್ದು ಹೋಗು ಅನ್ನುತ್ತಾಳೆ ಎಂದು ಕಾದೆ. ಆಕೆಗೆ ನಾನು ಅಲ್ಲಿರುವುದೇ ಮರೆತುಹೋದಂತಿತ್ತು. ಮಡಿಲಲ್ಲಿದ್ದ ಎರಡೂ ಕೈಗಳನ್ನು ತಿರುಗಿಸಿ ಅಂಗೈ ನೋಡಿಕೊಂಡಳು. ಆಮೇಲೆ ಗೋಡೆಯ ಕಡೆ ತಿರುಗಿದಳು.

“ಹಂಗಾರ ನಾನಲ್ಲ,” ಎಂದಳು. ಮತ್ತೊಮ್ಮೆ, ಸ್ವಲ್ಪ ಜೋರಾಗಿ, ಒಳಗಿನ ಕೋಣೆಯಲ್ಲಿರುವವರಿಗೆ ಕೇಳಿಸಬೇಕೆಂಬಂತೆ, “ಕೇಳಿದ್ರೇನು? ನಾನಲ್ಲ.”

ಕೇಳಬೇಕಾದವನು ಆ ಮನೆಯಲ್ಲಿರಲಿಲ್ಲ.